ಹಳೆಯ ಗೆಳೆಯರ ಜೊತೆ ಹೋಟೆಲ್ ಊಟ: ಕರೆಯುವುದರಿಂದ ಬೀಳ್ಕೊಡುವವರೆಗೆ

ವರ್ಷಗಟ್ಟಲೆ ಮಾತಿಲ್ಲದ ಗೆಳೆಯರನ್ನು ರಾತ್ರಿ ಊಟಕ್ಕೆ ಕರೆಯುವುದು ಕೇಳೋಕೆ ಸುಲಭ. ಆದರೆ ಎಷ್ಟೋ ಸಲ ಆ ಸಂಜೆ ಸಪ್ಪೆಯಾಗಿ ಮುಗಿದುಹೋಗುತ್ತದೆ. ಹೋಟೆಲಿನಲ್ಲಿ ಗಲಾಟೆ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತದೆ. ಮಾತು ಎರಡೇ ಎರಡು ಹಳೆಯ ಕಥೆಗಳ ಸುತ್ತ ಗಿರಕಿ ಹೊಡೆಯುತ್ತದೆ. ಕೊನೆಗೆ ಬಿಲ್ಲಿಗಾಗಿ ಎಳೆದಾಟ. ಮನೆಗೆ ಬಂದ ಮೇಲೆ ಯಾರಾದರೂ ‘ಅವರು ಈಗ ಹೇಗಿದ್ದಾರೆ?’ ಅಂತ ಕೇಳಿದರೆ ‘ಚೆನ್ನಾಗಿದ್ದಾರೆ’ ಅನ್ನುವುದರ ಆಚೆ ಹೇಳೋಕೆ ಏನೂ ಇರುವುದಿಲ್ಲ.

ನನ್ನ ಪ್ರಕಾರ ಇಂಥ ಊಟದ ಉದ್ದೇಶ ಒಂದೇ. ನಮ್ಮ ನೆನಪಿನಲ್ಲಿರುವ ಹುಡುಗನನ್ನೋ ಹುಡುಗಿಯನ್ನೋ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಈಗ ಎದುರಿಗೆ ಕೂತಿರುವವರನ್ನು ತಿಳಿದುಕೊಳ್ಳುವುದು. ಜಾಗ, ಹೊತ್ತು, ಕುರ್ಚಿ, ಬಿಲ್ಲು ಎಲ್ಲವನ್ನೂ ಅದಕ್ಕೆ ಅನುಕೂಲವಾಗುವ ಹಾಗೆ ಮೊದಲೇ ನೋಡಿಕೊಂಡರೆ, ಸಂಜೆಯೆಲ್ಲ ಮಾತಿಗೇ ಉಳಿಯುತ್ತದೆ.

ಮೊದಲ ಮೆಸೇಜ್

ಇಲ್ಲಿ ಅಡ್ಡ ಬರುವುದು ಸಂಕೋಚ. ‘ಇಷ್ಟು ದಿನ ಇಲ್ಲದ್ದು ಈಗ್ಯಾಕೆ ಅಂದ್ಕೊಂಡ್ರೆ?’ ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ಲಾರಾ ಅಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇದನ್ನೇ ಪರೀಕ್ಷಿಸಿದರು. ದೂರವಾದ ಗೆಳೆಯರ ಜೊತೆ ಮತ್ತೆ ಮಾತಾಡುವ ಆಸೆ ಇತ್ತು, ವಿಳಾಸವೋ ನಂಬರೋ ಕೈಯಲ್ಲಿತ್ತು, ಬರೆಯಲು ಸಮಯವನ್ನೂ ಕೊಟ್ಟಿದ್ದರು. ಆದರೂ ಮೆಸೇಜ್ ಕಳಿಸಿದವರು ಮೂವರಲ್ಲಿ ಸುಮಾರು ಒಬ್ಬರು ಮಾತ್ರ. ಅದೇ ಅಧ್ಯಯನದಲ್ಲಿ ಒಂದು ಉಪಾಯವೂ ಸಿಕ್ಕಿತು. ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಮೆಸೇಜ್ ಮಾಡಿ, ಆ ಹುರುಪಿನಲ್ಲೇ ಹಳಬರಿಗೂ ಬರೆಯಲು ಕೂತವರ ಪೈಕಿ ಅರ್ಧಕ್ಕಿಂತ ಜಾಸ್ತಿ ಜನ ಕಳಿಸಿದರು. ನೀವೂ ಹಾಗೇ ಮಾಡಿ. ದಿನಾ ಮಾತಾಡುವ ಇಬ್ಬರಿಗೆ ಏನಾದರೂ ಬರೆದು, ಕೈ ಬಿಸಿ ಇರುವಾಗಲೇ ಮೂರನೆಯದನ್ನು ಕಳಿಸಿಬಿಡಿ.

ಮೆಸೇಜ್ ಹೀಗಿರಬಹುದು:

“ಹಳೆಯ ಫೋಟೋ ನೋಡ್ತಿದ್ದೆ. ಪರೀಕ್ಷೆ ಹಿಂದಿನ ರಾತ್ರಿ ನಾವಿಬ್ರೂ ನಿದ್ದೆ ಬಿಟ್ಟು ಕೂತಿದ್ದು ನೆನಪಾಯ್ತು. ಹೇಗಿದ್ದೀಯಾ? ಮುಂದಿನ ಬುಧವಾರನೋ ಗುರುವಾರನೋ ಸಂಜೆ ಏಳಕ್ಕೆ ಒಟ್ಟಿಗೆ ಊಟ ಮಾಡೋಣ್ವಾ? ಕೆಲಸ ಏನೂ ಇಲ್ಲ, ನಿನ್ನ ನೋಡ್ಬೇಕು ಅನ್ನಿಸ್ತು ಅಷ್ಟೇ. ಆಗಲ್ಲ ಅಂದ್ರೂ ಬೇಜಾರಿಲ್ಲ.”

ಇದರಲ್ಲಿ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ನೆನಪಿದೆ, ಹಾಗಾಗಿ ಇದು ಹತ್ತು ಜನಕ್ಕೆ ಕಳಿಸಿದ ಮೆಸೇಜ್ ಥರ ಕಾಣುವುದಿಲ್ಲ. ಎರಡು ದಿನ ಹೇಳಿದೆ. ‘ಯಾವಾಗಾದ್ರೂ ಸಿಗೋಣ’ ಅಂದರೆ ಅದು ಯಾವಾಗಲೂ ಆಗುವುದಿಲ್ಲ, ಅಲ್ವಾ? ಇನ್ನು ‘ಕೆಲಸ ಏನೂ ಇಲ್ಲ’ ಅನ್ನುವ ಸಾಲು ಬಹಳ ಮುಖ್ಯ. ಬಹಳ ದಿನದ ಮೇಲೆ ಮೆಸೇಜ್ ಬಂದರೆ ಸಾಲವೋ, ಪಾಲಿಸಿಯೋ, ಇನ್ನೇನು ಕೇಳ್ತಾರೋ ಅನ್ನುವ ಅನುಮಾನ ಯಾರಿಗಾದರೂ ಬರುತ್ತದೆ. ನಿಜವಾಗಿಯೂ ಏನಾದರೂ ಸಹಾಯ ಬೇಕಿದ್ದರೆ ಅದನ್ನು ಮೆಸೇಜಿನಲ್ಲೇ ಹೇಳಿ. ಊಟ ಅರ್ಧ ಆದ ಮೇಲೆ ಆ ವಿಷಯ ಎತ್ತಿದರೆ, ಅಲ್ಲಿಯವರೆಗೆ ಆಡಿದ ಅಕ್ಕರೆಯ ಮಾತೆಲ್ಲ ಪೀಠಿಕೆ ಅನ್ನಿಸಿಬಿಡುತ್ತದೆ.

ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ಇನ್ನೊಂದು ಮೆಸೇಜ್ ಹಾಕಿ. ಅದಕ್ಕೂ ಬರಲಿಲ್ಲವೆಂದರೆ ಬಿಟ್ಟುಬಿಡಿ, ಒತ್ತಾಯ ಬೇಡ.

ಹಿಂದೆ ಮನಸ್ತಾಪವಾಗಿ ದೂರವಾಗಿದ್ದರೆ, ಅದನ್ನು ಮುಟ್ಟದೆ ಊಟಕ್ಕೆ ಕರೆಯಬೇಡಿ. ‘ಆಗ ನಾನು ನಡ್ಕೊಂಡಿದ್ದು ಸರಿ ಇರಲಿಲ್ಲ, ಸಿಕ್ಕಾಗ ಅದನ್ನೂ ಮಾತಾಡೋಣ’ ಅಂತ ಮೊದಲೇ ಒಂದು ಸಾಲು ಬರೆದರೆ ಇಬ್ಬರೂ ಹಗುರಾಗಿ ಬರುತ್ತಾರೆ.

ಯಾರ್ಯಾರು?

ಮೊದಲ ಊಟಕ್ಕೆ ಇಬ್ಬರೇ ಇರಲಿ. ಗುಂಪಿನಲ್ಲಿ ಮಾತು ತಮಾಷೆಯ ಕಡೆಗೇ ಹೋಗುತ್ತದೆ. ಒಬ್ಬರ ಕಷ್ಟ ಕೇಳುವಷ್ಟು ವ್ಯವಧಾನ ಅಲ್ಲಿ ಇರುವುದಿಲ್ಲ. ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ವಿಷಯವನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ‘ಈ ಸಲ ನಾವಿಬ್ರೇ, ಮುಂದಿನ ಸಲ ಎಲ್ರೂ’ ಅಂದರೆ ಯಾರಿಗೂ ಬೇಸರವಾಗುವುದಿಲ್ಲ. ಮಗುವನ್ನು ಬಿಟ್ಟು ಬರಲು ಆಗದವರಿದ್ದರೆ ಮಾತ್ರ ರಾತ್ರಿ ಊಟದ ಹಟ ಬಿಟ್ಟು ಅವರಿಗೆ ಸರಿಹೋಗುವ ಹೊತ್ತು ಕೇಳಿ.

ಹೋಟೆಲ್ ಆರಿಸುವಾಗ ಕಿವಿಗೆ ಕೆಲಸ ಕೊಡಿ

ಎಲ್ಲರೂ ರುಚಿ ನೋಡಿ ಹೋಟೆಲ್ ಆರಿಸುತ್ತಾರೆ. ಈ ಊಟದ ಮಟ್ಟಿಗೆ ಸದ್ದು ನೋಡಿ ಆರಿಸಿ ಅಂತ ನಾನು ಹೇಳುತ್ತೇನೆ.

ಸಾಮಾನ್ಯ ಮಾತುಕತೆಯ ಸದ್ದು ಸುಮಾರು 60 ಡೆಸಿಬಲ್. ತುಂಬಿದ ಹೋಟೆಲಿನಲ್ಲಿ ಅದು 75, 80 ದಾಟುವುದೂ ಉಂಟು. ಸುತ್ತ ಗದ್ದಲ ಇದ್ದಾಗ ನಮಗೆ ಗೊತ್ತಿಲ್ಲದೆಯೇ ನಮ್ಮ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೋಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಪಕ್ಕದ ಟೇಬಲಿನವರು ಜೋರಾಗಿ ಮಾತಾಡಿದರೆ ನಾವೂ ಜೋರು, ನಮ್ಮನ್ನು ಕೇಳಿ ಅವರು ಇನ್ನೂ ಜೋರು. ಒಂದು ಗಂಟೆ ಹೀಗೆ ಕೂತರೆ ಗಂಟಲು ನೋಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಏನೆಂದರೆ, ಕೆಲವು ಮಾತುಗಳನ್ನು ಕೂಗಿ ಹೇಳೋಕೆ ಆಗುವುದಿಲ್ಲ. ‘ಮನೇಲಿ ಸ್ವಲ್ಪ ಸರಿ ಇಲ್ಲ’ ಅನ್ನುವುದನ್ನು ಯಾರು ಕೂಗಿ ಹೇಳುತ್ತಾರೆ? ಗದ್ದಲದ ಜಾಗದಲ್ಲಿ ಇಂಥ ಮಾತು ಹೊರಗೇ ಬರುವುದಿಲ್ಲ.

ವಯಸ್ಸಾದವರಿಗೆ, ಕಿವಿ ಸ್ವಲ್ಪ ಮಂದವಾದವರಿಗೆ ಇದು ಇನ್ನೂ ಕಷ್ಟ. ಹಲವು ದನಿಗಳ ನಡುವೆ ಒಂದನ್ನು ಹಿಡಿದು ಕೇಳುವ ನಮ್ಮ ಶಕ್ತಿಯ ಬಗ್ಗೆ ಕಾಲಿನ್ ಚೆರಿ ಎಂಬ ವಿಜ್ಞಾನಿ 1953ರಲ್ಲೇ ಬರೆದಿದ್ದರು. ಕೇಳುವಿಕೆ ಕುಗ್ಗತೊಡಗಿದಾಗ ಬಹಳ ಜನರಿಗೆ ಮೊದಲು ತೊಡಕಾಗುವುದು ಇಲ್ಲೇ. ಮನೆಯಲ್ಲಿ ಎಲ್ಲ ಸರಿಯಾಗಿ ಕೇಳಿಸುತ್ತದೆ, ಹೋಟೆಲಿನಲ್ಲಿ ಮಾತ್ರ ‘ಏನಂದೆ?’ ಅಂತ ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಮೂರು ಸಲ ಕೇಳಿದ ಮೇಲೆ ಮನುಷ್ಯ ಸುಮ್ನೆ ತಲೆಯಾಡಿಸಲು ಶುರು ಮಾಡುತ್ತಾನೆ.

ಸದ್ದು ಕಡಿಮೆ ಇರುವ ಜಾಗ ಗುರುತಿಸುವುದು ಕಷ್ಟವಲ್ಲ. ಪರದೆ, ದಪ್ಪ ಬಟ್ಟೆಯ ಸೀಟು, ನೆಲಹಾಸು ಇರುವ ಕಡೆ ಸದ್ದು ಹೀರಿಕೊಳ್ಳುತ್ತದೆ. ಗಾಜಿನ ಗೋಡೆ, ಬೋಳು ಕಾಂಕ್ರೀಟ್ ಚಾವಣಿ, ಟೈಲ್ಸ್ ನೆಲ ಇರುವ ಕಡೆ ಪ್ರತಿಧ್ವನಿಸುತ್ತದೆ. ನೋಡೋಕೆ ಹೋಗಲು ಆಗದಿದ್ದರೆ, ನೀವು ಊಟಕ್ಕೆ ಹೋಗಬೇಕೆಂದಿರುವ ಹೊತ್ತಿಗೇ ಒಂದು ದಿನ ಮೊದಲು ಹೋಟೆಲಿಗೆ ಫೋನ್ ಮಾಡಿ. ಫೋನ್ ಎತ್ತಿದವರು ‘ಹಲೋ, ಹಲೋ, ಜೋರಾಗಿ ಹೇಳಿ’ ಅಂದರೆ ಬೇರೆ ಹೋಟೆಲ್ ನೋಡಿ. ವಾರದ ನಡುವಿನ ದಿನ, ರಾತ್ರಿಯ ಗಿರಾಕಿ ತುಂಬುವ ಮೊದಲೇ ಹೋದರೆ ಗದ್ದಲದ ಹೋಟೆಲೂ ಸಹನೀಯ. ವೇದಿಕೆಯ ಹಾಡು, ಪಂದ್ಯ ತೋರಿಸುವ ದೊಡ್ಡ ಪರದೆ ಇರುವ ಕಡೆ ಬೇಡವೇ ಬೇಡ.

ಬಫೆ ಕೂಡ ನನಗೆ ಒಪ್ಪಿಗೆಯಿಲ್ಲ. ಒಬ್ಬರು ತಟ್ಟೆ ಹಿಡಿದು ಏಳುತ್ತಾರೆ, ಅವರು ಬರುವ ಹೊತ್ತಿಗೆ ಇನ್ನೊಬ್ಬರು ಏಳುತ್ತಾರೆ. ಮಾತು ಪ್ರತಿ ಸಲ ತುಂಡಾಗುತ್ತದೆ. ಮೇಜಿಗೆ ತಂದು ಬಡಿಸುವ, ಬೇಗ ಎಬ್ಬಿಸದ ಹೋಟೆಲ್ ಒಳ್ಳೆಯದು.

ಬೆಲೆಯ ಬಗ್ಗೆ ಒಂದು ಮಾತು. ಗೆಳೆಯರ ಈಗಿನ ಪರಿಸ್ಥಿತಿ ನಿಮಗೆ ಗೊತ್ತಿಲ್ಲ. ಹಾಗಾಗಿ ದುಬಾರಿ ಜಾಗ ಆರಿಸಬೇಡಿ. ಎರಡು ಮೂರು ಹೆಸರು ಕಳಿಸಿ, ಅದರಲ್ಲಿ ಒಂದು ಸಾಧಾರಣದ್ದಿರಲಿ, ಅವರೇ ಆರಿಸಲಿ. ಏನು ತಿನ್ನುತ್ತಾರೆ, ಏನು ಬಿಟ್ಟಿದ್ದಾರೆ ಅಂತಲೂ ಆಗಲೇ ಕೇಳಿ. ಹಳೆಯ ನೆನಪಿನ ಮೇಲೆ ‘ಅವನಿಗೆ ಇದೇ ಇಷ್ಟ’ ಅಂತ ತೀರ್ಮಾನ ಮಾಡಬೇಡಿ. ಸಕ್ಕರೆ ಕಾಯಿಲೆ ಬಂದಿರಬಹುದು, ಕುಡಿಯುವುದನ್ನು ಬಿಟ್ಟಿರಬಹುದು. ಬಿಟ್ಟವರನ್ನು ‘ಇವತ್ತೊಂದಿನ’ ಅಂತ ಒತ್ತಾಯ ಮಾಡುವುದು ಸ್ನೇಹವಲ್ಲ.

ಬುಕ್ ಮಾಡುವಾಗ ಕೇಳಬೇಕಾದದ್ದು

ಇಬ್ಬರಿಗೆ ಟೇಬಲ್ ಬೇಕು ಅಂತ ಹೇಳಿ ಸುಮ್ಮನಾಗಬೇಡಿ. ಅಡುಗೆಮನೆ ಬಾಗಿಲು, ಸ್ಪೀಕರ್, ಕೈ ತೊಳೆಯುವ ಜಾಗ ಇವುಗಳಿಂದ ದೂರದ ಟೇಬಲ್ ಕೇಳಿ. ಗೋಡೆಯ ಪಕ್ಕ ಅಥವಾ ಮೂಲೆ ಸಿಕ್ಕರೆ ಬಹಳ ಒಳ್ಳೆಯದು, ಒಂದೆರಡು ಕಡೆಯಿಂದ ಸದ್ದು ಬರುವುದೇ ಇಲ್ಲ. ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ, ಟೇಬಲ್ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವುದನ್ನೂ ಕೇಳಿ. ಹೋಟೆಲ್ ಬಾಗಿಲು ಹಾಕುವುದಕ್ಕಿಂತ ಸಾಕಷ್ಟು ಮೊದಲೇ ಅಡುಗೆಮನೆ ಮುಚ್ಚುತ್ತದೆ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಕೂರುವುದರಲ್ಲೂ ಒಂದು ಉಪಾಯವಿದೆ. ಚೌಕದ ಟೇಬಲ್ ಆದರೆ ಎದುರುಬದುರು ಕೂರುವ ಬದಲು ಮೂಲೆಯ ಎರಡು ಬದಿಗೆ ಕೂತು ನೋಡಿ. ರಾಬರ್ಟ್ ಸಾಮರ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯೊಂದರ ಊಟದ ಹಾಲಿನಲ್ಲಿ ಹೀಗೆ ಮೂಲೆಗೆ ಕೂತವರೇ ಜಾಸ್ತಿ ಮಾತಾಡಿದ್ದನ್ನು ಗಮನಿಸಿದ್ದರು. ಕಿವಿಗಳ ನಡುವಿನ ದೂರ ಕಡಿಮೆಯಾಗುತ್ತದೆ. ಬೇಕಾದಾಗ ಮುಖ ನೋಡಬಹುದು, ಬೇಡದಾಗ ಮುಂದೆ ನೋಡುತ್ತಾ ಮಾತಾಡಬಹುದು. ಕಷ್ಟದ ವಿಷಯ ಹೇಳುವವರಿಗೆ ಇದು ದೊಡ್ಡ ಅನುಕೂಲ. ಗೆಳೆಯರ ಒಂದು ಕಿವಿ ಮಂದವಾಗಿದ್ದರೆ ಚೆನ್ನಾಗಿ ಕೇಳುವ ಕಿವಿಯ ಕಡೆ ನೀವು ಕೂತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲಿರಲಿ, ತುಟಿ ಕಂಡರೆ ಮಾತು ಹಿಡಿಯುವುದು ಸುಲಭ.

ಬಿಲ್ಲಿನ ಮಾತು ಮೊದಲೇ ಮುಗಿಸಿ

‘ಕರೆದಿದ್ದು ನಾನು, ಈ ಸಲ ನಂದು. ಮುಂದಿನ ಸಲ ನಿಂದು.’ ಇಷ್ಟನ್ನು ಹೊರಡುವ ಮೊದಲೇ ಹೇಳಿಬಿಡಿ. ಅವರು ಅರ್ಧ ಅರ್ಧ ಅಂದರೆ ಸಂತೋಷವಾಗಿ ಒಪ್ಪಿ, ಹಟ ಮಾಡಬೇಡಿ. ಕೆಲವರಿಗೆ ಋಣ ಉಳಿಸಿಕೊಳ್ಳುವುದು ಇಷ್ಟವಾಗುವುದಿಲ್ಲ. ನೀವೇ ಕೊಡುವುದೆಂದಾದರೆ ನಡುವೆ ಕೈ ತೊಳೆಯಲು ಎದ್ದಾಗ ಕೌಂಟರಿನಲ್ಲಿ ಕಟ್ಟಿಬಿಡಿ.

ಹೊರಡುವ ಮೊದಲು

ಐದು ನಿಮಿಷ ಕೂತು ನೆನಪು ಮಾಡಿಕೊಳ್ಳಿ. ಅವರ ಮನೆಯವರ ಹೆಸರು, ಕೊನೆಯ ಸಲ ಮಾತಾಡಿದಾಗ ಅವರ ತಲೆಯಲ್ಲಿದ್ದ ಚಿಂತೆ, ಅವರು ನಿಮಗೆ ಮಾಡಿದ ಯಾವುದಾದರೂ ಉಪಕಾರ. ಆಮೇಲೆ ಎರಡೋ ಮೂರೋ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಳ್ಳಿ. ಸೋಷಿಯಲ್ ಮೀಡಿಯಾದಲ್ಲಿ ಅವರ ಫೋಟೋ ನೋಡಿದ್ದರೆ ನೋಡಿದ್ದೇನೆ ಅಂತಲೇ ಹೇಳಿ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ‘ಹೌದಾ!’ ಅನ್ನುವುದು ಬಹಳ ಹೊತ್ತು ನಿಲ್ಲುವುದಿಲ್ಲ.

ಈ ನಡುವೆ ಅವರ ಮನೆಯಲ್ಲಿ ಸಾವಾಗಿ, ನೀವು ಆಗ ಮಾತಾಡಿಸಿರದಿದ್ದರೆ, ಸಿಕ್ಕ ಸ್ವಲ್ಪ ಹೊತ್ತಿಗೇ ಹೇಳಿಬಿಡಿ. ‘ಅಪ್ಪ ಹೋದಾಗ ಫೋನ್ ಮಾಡ್ಲಿಲ್ಲ, ಮಾಡ್ಬೇಕಿತ್ತು.’ ಇಷ್ಟು ಸಾಕು. ಇಬ್ಬರಿಗೂ ಗೊತ್ತಿರುವ ವಿಷಯವನ್ನು ಯಾರೂ ಎತ್ತದೆ ಕೂತರೆ ಊಟ ಮುಗಿಯುವವರೆಗೂ ಅದು ನಡುವೆಯೇ ಇರುತ್ತದೆ.

ಕೂತ ಮೊದಲ ಹತ್ತು ನಿಮಿಷ

ನೋಡಿದ ಕೂಡಲೇ ದೇಹದ ಬಗ್ಗೆ ಮಾತು ಬೇಡ. ದಪ್ಪ ಆದೆ, ಸೊರಗಿದೆ, ಕೂದಲು ಎಲ್ಲಿ ಹೋಯ್ತು ಅನ್ನುವುದು ಪ್ರೀತಿಯಿಂದಲೇ ಬಂದರೂ ಚುಚ್ಚುತ್ತದೆ. ಸೊರಗಿದ್ದಕ್ಕೆ ಕಾಯಿಲೆ ಕಾರಣವಾಗಿರಬಹುದು. ‘ನಿನ್ನ ನೋಡಿ ತುಂಬಾ ಖುಷಿ ಆಯ್ತು’ ಅನ್ನಿ, ಅದೇ ನಿಜ ತಾನೆ.

ಮಾತಿಗೆ ಇಳಿಯುವ ಮೊದಲು ಆರ್ಡರ್ ಕೊಟ್ಟುಬಿಡಿ. ಮೆನು ತೆರೆದಿಟ್ಟುಕೊಂಡು ಕಥೆ ಶುರು ಮಾಡಿದರೆ ವೇಟರ್ ಮೂರು ಸಲ ಬಂದು ಹೋಗಬೇಕಾಗುತ್ತದೆ. ಫೋಟೋ ಬೇಕಿದ್ದರೆ ಅದನ್ನೂ ಈಗಲೇ ತೆಗೆದು, ಫೋನನ್ನು ಚೀಲಕ್ಕೆ ಹಾಕಿ. ಮೇಜಿನ ಮೇಲೆ ಕವುಚಿ ಇಟ್ಟರೆ ಸಾಲದು. ರಯಾನ್ ಡ್ವಾಯರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 300ಕ್ಕೂ ಹೆಚ್ಚು ಜನ ಗೆಳೆಯರ ಅಥವಾ ಮನೆಯವರ ಜೊತೆ ಹೋಟೆಲಿನಲ್ಲಿ ಊಟ ಮಾಡಿದ್ದರು. ಫೋನ್ ಮೇಜಿನ ಮೇಲಿದ್ದವರಿಗೆ ಗಮನ ಜಾಸ್ತಿ ಚದುರಿತು, ಆ ಊಟದ ಖುಷಿಯೂ ಸ್ವಲ್ಪ ಕಡಿಮೆಯಾಯಿತು. ಮನೆಯಿಂದ ತುರ್ತು ಕರೆ ಬರುವ ಹಾಗಿದ್ದರೆ ಮೊದಲೇ ಹೇಳಿ, ಆ ಒಂದು ನಂಬರಿಗೆ ಮಾತ್ರ ರಿಂಗ್ ಬಿಡಿ.

ಮಾತು

ಇದೇ ನಿಜವಾದ ಊಟ. ಇಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ. ಇಬ್ಬರೂ ಇಷ್ಟು ವರ್ಷಗಳ ವರದಿ ಒಪ್ಪಿಸುತ್ತಾರೆ: ಕೆಲಸ, ಮದುವೆ, ಮನೆ, ಮಕ್ಕಳು. ಇಪ್ಪತ್ತು ನಿಮಿಷದಲ್ಲಿ ವರದಿ ಮುಗಿಯುತ್ತದೆ. ಆಮೇಲೆ ‘ಮತ್ತೆ? ಇನ್ನೇನು ಸಮಾಚಾರ?’ ಶುರುವಾಗುತ್ತದೆ. ಎಲ್ಲ ವರ್ಷಗಳನ್ನೂ ಸಾಲಾಗಿ ತುಂಬಿಸಲು ಹೋಗಬೇಡಿ. ಈಗಿನಿಂದಲೇ ಶುರು ಮಾಡಿ. ‘ಈಗ ದಿನ ಹೇಗೆ ಹೋಗುತ್ತೆ? ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಏನು?’ ಅಂತ ಕೇಳಿ. ಉತ್ತರದಲ್ಲಿ ಅವರ ಅಮ್ಮನ ಔಷಧಿಯೋ, ಮಗಳ ಸ್ಕೂಲ್ ಬಸ್ಸೋ, ಹೊಸದಾಗಿ ಹಿಡಿದ ವಾಕಿಂಗೋ ಬರುತ್ತದೆ. ಬೇಕಾದ ಹಿಂದಿನ ಕಥೆ ಅದರ ಹಿಂದೆಯೇ ಬರುತ್ತದೆ.

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಹಾರ್ವರ್ಡಿನ ಕರೆನ್ ಹುವಾಂಗ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎದುರಿನವರು ಹೇಳಿದ್ದರ ಬಗ್ಗೆಯೇ ಮುಂದಿನ ಪ್ರಶ್ನೆ ಕೇಳುವವರನ್ನು ಜನ ಜಾಸ್ತಿ ಇಷ್ಟಪಡುತ್ತಾರೆ. ಕೇಳಿಸಿಕೊಂಡಿದ್ದಾರೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಗೆಳತಿಯೊಬ್ಬಳು ಹೇಳುತ್ತಾಳೆ ಅಂದುಕೊಳ್ಳಿ: “ಹೋದ ವರ್ಷ ಕೆಲಸ ಬಿಟ್ಟೆ ಕಣೇ.”

‘ಅಯ್ಯೋ, ನಮ್ಮ ಆಫೀಸಲ್ಲೂ ಹಂಗೇ’ ಅಂದರೆ ಮಾತು ನಿಮ್ಮ ಕಡೆ ಬಂತು. ‘ಈಗ ಎಲ್ಲಿ? ಸಂಬಳ ಹೇಗೆ?’ ಅಂದರೆ ಅವಳು ಹೇಳಹೊರಟಿದ್ದನ್ನು ದಾಟಿ ಹೋದಿರಿ. ಅಲ್ಲೇ ನಿಲ್ಲಿ.

“ಬಿಡೋಕೆ ಮುಂಚೆ ತುಂಬಾ ದಿನ ಯೋಚನೆ ಮಾಡಿದ್ಯಾ?”

“ಆರು ತಿಂಗಳು. ಮನೇಲಿ ಯಾರಿಗೂ ಹೇಳಿರ್ಲಿಲ್ಲ.”

“ಯಾರಿಗೂ? ಹೇಗೆ ತಡ್ಕೊಂಡೆ?”

ಈಗ ಅವಳು ಆ ಆರು ತಿಂಗಳು ಹೇಗೆ ಕಳೆದಳು ಅನ್ನುವುದನ್ನು ಹೇಳುತ್ತಾಳೆ. ಅದು ವರದಿಯಲ್ಲಿ ಬರುತ್ತಿರಲಿಲ್ಲ. ಎರಡು ಸಣ್ಣ ಪ್ರಶ್ನೆ, ಎರಡೂ ಅವಳ ಮಾತಿನಿಂದಲೇ ಹುಟ್ಟಿದವು.

ಸರಿಯಾಗಿ ಇಂಥ ಹೊತ್ತಿಗೇ ವೇಟರ್ ಬಂದು ‘ಇನ್ನೇನಾದ್ರೂ ಬೇಕಾ?’ ಅನ್ನುತ್ತಾರೆ. ಅವರ ತಪ್ಪೇನಿಲ್ಲ. ಆದರೆ ಅವರು ಹೋದ ಮೇಲೆ ಹೆಚ್ಚಿನವರು ಬೇರೆ ವಿಷಯಕ್ಕೆ ಹೊರಳುತ್ತಾರೆ. ಹೇಳುತ್ತಿದ್ದವರು ತಾವಾಗಿ ಮತ್ತೆ ಶುರು ಮಾಡುವುದಿಲ್ಲ. ಮಾತು ಎಲ್ಲಿಗೆ ನಿಂತಿತ್ತು ಅಂತ ನೆನಪಿಟ್ಟುಕೊಂಡು ನೀವೇ ಎತ್ತಿ ಕೊಡಿ: ‘ಅಮ್ಮನಿಗೆ ಗೊತ್ತಾಗಿದ್ದು ಹೇಗೆ ಅಂತ ಹೇಳ್ತಿದ್ದೆ.’ ಇಡೀ ಸಂಜೆಯಲ್ಲಿ ಒಂದೇ ಒಂದು ಕೆಲಸ ಸರಿಯಾಗಿ ಮಾಡುವುದಾದರೆ ಇದನ್ನು ಮಾಡಿ ಅಂತ ನಾನು ಹೇಳುತ್ತೇನೆ.

ಕೆಲವು ಪ್ರಶ್ನೆಗಳನ್ನು ಅವರಿಗೇ ಬಿಡಿ. ಮದುವೆ ಯಾಕಾಗಿಲ್ಲ, ಮಕ್ಕಳು ಯಾಕಿಲ್ಲ, ಎಷ್ಟು ಸಂಬಳ, ಮನೆ ಸ್ವಂತದ್ದಾ? ಹೇಳಬೇಕೆನಿಸಿದರೆ ಹೇಳುತ್ತಾರೆ. ಕಷ್ಟ ಹೇಳಿಕೊಂಡಾಗ ಕೂಡಲೇ ಸಲಹೆಗೆ ಇಳಿಯಬೇಡಿ. ‘ನಾನು ಸುಮ್ನೆ ಕೇಳ್ಲಾ, ಇಲ್ಲ ಏನಾದ್ರೂ ಹೇಳ್ಲಾ?’ ಅಂತ ಕೇಳಿದರೆ ಅವರೇ ಹೇಳುತ್ತಾರೆ.

ನಿಮ್ಮ ಪಾಲೂ ಕೊಡಬೇಕು. ‘ನಂದೇನಿಲ್ಲ, ಎಲ್ಲಾ ಆರಾಮ್’ ಅಂದರೆ ಬಾಗಿಲು ಮುಚ್ಚಿದ ಹಾಗೆ. ಅವರು ಒಂದು ಕಷ್ಟ ಹೇಳಿಕೊಂಡು ನೀವು ಬರೀ ಒಳ್ಳೆಯ ಸುದ್ದಿ ಹೇಳಿದರೆ, ಮನೆಗೆ ಹೋದ ಮೇಲೆ ‘ಯಾಕಾದರೂ ಹೇಳಿದೆನೋ’ ಅನ್ನಿಸುತ್ತದೆ ಅವರಿಗೆ.

ಇನ್ನು ಹಳೆಯ ಕಥೆಗಳು. ಮಧ್ಯವಯಸ್ಸು ದಾಟಿದವರಿಗೆ ಸುಮಾರು 10ರಿಂದ 30ರ ವಯಸ್ಸಿನೊಳಗಿನ ನೆನಪುಗಳೇ ಜಾಸ್ತಿ ಎದ್ದು ಕಾಣುತ್ತವೆ. ಇದು ನೆನಪಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹಾಗಾಗಿ ಆ ಕಥೆಗಳು ಕರೆಯದೆಯೂ ಬರುತ್ತವೆ. ಬರಲಿ, ಹೊಟ್ಟೆ ತುಂಬ ನಗಿ. ಒಂದೇ ಘಟನೆ ಇಬ್ಬರಿಗೂ ಬೇರೆ ಬೇರೆ ಥರ ನೆನಪಿರುವುದು ಸಹಜ. ‘ಇಲ್ಲ, ಅವತ್ತು ಹಂಗಾಗ್ಲಿಲ್ಲ’ ಅಂತ ವಾದಕ್ಕೆ ಇಳಿಯುವ ಬದಲು ‘ನಿಂಗೆ ಹಂಗೆ ನೆನಪಿದ್ಯಾ? ಹೇಳು’ ಅನ್ನಿ. ಆಗಿನ ನಿಮ್ಮ ಬಗ್ಗೆ ನಿಮಗೇ ಗೊತ್ತಿಲ್ಲದ್ದು ಏನೋ ಸಿಗಬಹುದು. ಆದರೆ ಅವರನ್ನು ಆಗಿನ ಪಾತ್ರದಲ್ಲೇ ಕಟ್ಟಿಹಾಕಬೇಡಿ. ಆಗ ಎಲ್ಲರೂ ಗೇಲಿ ಮಾಡುತ್ತಿದ್ದ ಹುಡುಗನಿಗೆ ಆ ಅಡ್ಡಹೆಸರು ಇವತ್ತೂ ಬೇಕಾಗಿಲ್ಲ.

ಏಳುವುದು

ಮಾತು ಯಾವಾಗ ಮುಗಿಸಬೇಕು ಅನ್ನುವುದನ್ನು ನಾವು ಊಹಿಸುವುದರಲ್ಲಿ ಬಹಳ ಹಿಂದೆ. ಆಡಮ್ ಮಾಸ್ಟ್ರೊಯಾನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರಿಗೂ ಸಾಕೆನಿಸಿದ ಹೊತ್ತಿಗೇ ಮುಗಿದ ಮಾತುಕತೆಗಳು ನೂರಕ್ಕೆ ಸುಮಾರು 2 ಮಾತ್ರ. ಕೆಲವರಿಗೆ ಇನ್ನೂ ಬೇಕಿತ್ತು, ಕೆಲವರಿಗೆ ಯಾವತ್ತೋ ಸಾಕಾಗಿತ್ತು, ಯಾರೂ ಬಾಯಿಬಿಡಲಿಲ್ಲ. ಆದ್ದರಿಂದ ಕೂತಾಗಲೇ ‘ಎಷ್ಟೊತ್ತಿಗೆ ಹೊರಡ್ಬೇಕು ನೀನು?’ ಅಂತ ಕೇಳಿ. ಆ ಹೊತ್ತು ಬಂದಾಗ ನೀವೇ ನೆನಪಿಸಿ. ಇನ್ನೂ ಇರಬೇಕೆನಿಸಿದರೆ ಇರುತ್ತಾರೆ.

ಊಟ ಮುಗಿದ ಮೇಲೂ ಮಾತು ಉಳಿದಿದ್ದು, ಹೊರಗೆ ಜನ ಕಾಯುತ್ತಿದ್ದರೆ, ಟೇಬಲ್ ಬಿಟ್ಟುಕೊಟ್ಟು ಸ್ವಲ್ಪ ದೂರ ನಡೆಯಿರಿ. ಅವರು ರಾತ್ರಿ ಒಬ್ಬರೇ ಹೋಗುವವರಾದರೆ ಗಾಡಿ ಸಿಗುವವರೆಗೆ ನಿಲ್ಲಿ, ಮನೆ ತಲುಪಿದ ಮೇಲೆ ಒಂದು ಮೆಸೇಜ್ ಹಾಕಲು ಹೇಳಿ.

ಮರುದಿನ

ಮಾತಿನ ನಡುವೆ ‘ಆ ಡಾಕ್ಟರ್ ನಂಬರ್ ಕಳಿಸ್ತೀನಿ’, ‘ಆ ಫೋಟೋ ಹುಡುಕಿ ಕೊಡ್ತೀನಿ’ ಅಂದಿದ್ದರೆ ಮಲಗುವ ಮೊದಲೇ ಕಳಿಸಿ. ಬೆಳಿಗ್ಗೆ ಬರೆಯುವ ಮೆಸೇಜಿನಲ್ಲಿ ‘ಚೆನ್ನಾಗಿತ್ತು’ ಅನ್ನುವುದರ ಜೊತೆ ಅವರು ಹೇಳಿದ ಒಂದು ವಿಷಯ ಸೇರಿಸಿ. ಅವರು ನಂಬಿ ಹೇಳಿದ್ದನ್ನು ಹಳೆಯ ಗುಂಪಿನಲ್ಲಿ ಹಂಚಬೇಡಿ, ಮನೆಯವರ ಹತ್ತಿರವೂ ಯೋಚಿಸಿ ಹೇಳಿ.

ಮಾತು ಅಷ್ಟಾಗಿ ಕೂಡಿಬರಲಿಲ್ಲ ಅನ್ನಿಸಿದರೆ ಅದನ್ನು ಯಾರ ತಪ್ಪು ಅಂತಲೂ ಲೆಕ್ಕ ಹಾಕಬೇಡಿ. ಬಹಳ ವರ್ಷದ ಮೇಲೆ ಮೊದಲ ಭೇಟಿ ಬಿಗಿಯಾಗಿರುವುದು ಸಾಮಾನ್ಯ. ಎರಡನೆಯದು ಚಿಕ್ಕದಿರಲಿ, ಅರ್ಧ ಗಂಟೆಯ ಕಾಫಿ ಸಾಕು.

ಊಟದಲ್ಲಿ ಅವರು ಯಾವುದಾದರೂ ತಾರೀಖು ಹೇಳಿರುತ್ತಾರೆ. ಮಗನ ಪರೀಕ್ಷೆ, ಅಮ್ಮನ ಕಣ್ಣಿನ ಆಪರೇಷನ್, ಇಂಟರ್ವ್ಯೂ. ಅದನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಆ ದಿನ ಸಂಜೆ ಫೋನ್ ಮಾಡಿ ‘ಏನಾಯ್ತು?’ ಅಂತ ಕೇಳಿ. ಮುಂದಿನ ಊಟದ ದಿನವನ್ನೂ ಆ ಫೋನಿನಲ್ಲೇ ಗೊತ್ತು ಮಾಡಿಕೊಳ್ಳಿ.